ಮೋಟರಜ್ಜಿಯ ಹೆಬ್ಬೆರಳು

ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ನಡುಮಧ್ಯಕ್ಕೆ ಸೀಳಿತ್ತು. ಹರೆಯದಲ್ಲಿ ಒಂದು ಹೋರಿ ಜಗ್ಗಿದಾಗ ಹಗ್ಗಕ್ಕೂ ಗೂಟಕ್ಕೂ ನಡುವೆ ಬೆರಳು ಸಿಕ್ಕಿ ಉಗುರು ಎರಡು ಹೋಳಾಯಿತಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಎರಡಾಗಿಯೇ ಬೆಳೆಯಿತಂತೆ. ಬೆರಳೋ, ಅಷ್ಟು ಅಗಲ! ಫೋನಿನ ಪರದೆಯ ಮೇಲೆ ತಂದರೆ ಒಬ್ಬ ಆಳು ತಲೆಯಿಂದ ಕಾಲಿನವರೆಗೆ ಮುಚ್ಚಿಹೋಗುತ್ತಿದ್ದ. ಅವರು ಮಾಡುತ್ತಿದ್ದುದೂ ಅದನ್ನೇ. ಹಸುವಿನ ಫೋಟೊ ತೋರಿಸಿದ ಕೂಡಲೇ ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಮಾಲೀಕನನ್ನು ಹೆಬ್ಬೆರಳಿನಿಂದ ಮುಚ್ಚಿಬಿಡುತ್ತಿದ್ದರು. ಬೆರಳು ತಾಗಿದರೆ ಫೋಟೊ ಜಾರಿಹೋಗುತ್ತದೆಂದು ಕೂದಲೆಳೆಯಷ್ಟು ಮೇಲೆ ಹಿಡಿಯುವುದನ್ನೂ ಕಲಿತಿದ್ದರು. ಆಮೇಲೆ ಕಣ್ಣು ಕಿರಿದು ಮಾಡಿ, "ಊಂ, ಈಗ ಅಸ ಕಾಣ್ತದೆ" ಎನ್ನುತ್ತಿದ್ದರು.

ದೊಡ್ಡನೆಕ್ಕುಂದಿಯ ಆ ಮೂರು ಮಹಡಿಯ ಕಟ್ಟಡದಲ್ಲಿ ಎಲ್ಲರೂ ಅವರನ್ನು ಮೋಟರಜ್ಜಿ ಎನ್ನುತ್ತಿದ್ದರು. ಕಟ್ಟಡ ಅವರ ಮಗನದು. ಅದು ಎದ್ದ ಜಾಗದಲ್ಲಿ ಹಿಂದೆ ಅವರ ಕೊಟ್ಟಿಗೆ ಇತ್ತು. ಮಗ ಎಲ್ಲವನ್ನೂ ಬಾಡಿಗೆಗೆ ಕೊಟ್ಟಿದ್ದ. ಬೋರ್‌ವೆಲ್ ಮೋಟರಿನ ಸ್ವಿಚ್ಚನ್ನು ಮಾತ್ರ ಅಜ್ಜಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸಂಪಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಪಕ್ಕ ಅವರ ಕೊನೆಯ ಹಸು ಗೌರಿ, ಗೋಡೆಯ ಮೇಲೆ ಸ್ವಿಚ್ಚು: ಇದಿಷ್ಟೇ ಅವರ ರಾಜ್ಯ. ನೆಲಮಹಡಿಯಲ್ಲಿ ಕಬ್ಬಿಣಕ್ಕೆ ಬಣ್ಣ ಕೂರಿಸುವ ಪೌಡರ್ ಕೋಟಿಂಗ್ ಶೆಡ್ಡು, ಅದರ ಮೇಲೆ ಒಂದು ಟೈಲರಿಂಗ್ ಘಟಕ, ತುದಿಯಲ್ಲಿ ನಮ್ಮ ಆಫೀಸು. ನಮ್ಮ ಕೆಲಸ ಏನೆಂದು ಹೇಳಿದರೆ ಚಿಕ್ಕಬಾಣಾವರದ ನಮ್ಮ ಬೀದಿಯವರು ಇವತ್ತಿಗೂ ನಗುತ್ತಾರೆ: ಹಸುಗಳ ಫೋಟೊ ನೋಡಿ ದರ್ಜೆ ಕೊಡುವುದು!

ನಿಜವಾಗಿಯೂ ಅದೇ. ಹಸು ಮಾರುವವರು ಆ್ಯಪ್‌ನಲ್ಲಿ ಫೋಟೊ ಹಾಕುತ್ತಿದ್ದರು. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಕೆಚ್ಚಲಿನದು ಒಂದು. ನಾವು ಅವನ್ನು ನೋಡಿ ಉತ್ತಮ, ಮಧ್ಯಮ, ಬೇಡ ಎಂದು ಗುರುತು ಹಾಕಬೇಕು. ಪಾಸಾದ ಹಸುವಿನ ಹತ್ತಿರ ಮಾತ್ರ ನಮ್ಮ ಪಶುವೈದ್ಯರು ಹೋಗುತ್ತಿದ್ದರು. ಫೇಲಾದದ್ದು ಫೇಲು. ಇಂಥ ಕೆಲಸಕ್ಕೆ ಸೇರಿದ ನಾನಾದರೂ ಎಂಥವಳು? ಪೀಣ್ಯದ ಲೇತ್ ಕೆಲಸಗಾರನ ಮಗಳು, ಬಿ.ಕಾಂ. ಓದಿದವಳು, ಹಾಲಿನ ಪ್ಯಾಕೆಟ್ಟಿನ ಮೇಲಿನ ಚಿತ್ರ ಬಿಟ್ಟರೆ ಹಸುವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಒಂದು ವಾರದ ತರಬೇತಿ ಕೊಟ್ಟು ಕೂರಿಸಿದರು. ನಾನೂ ಧೈರ್ಯವಾಗಿ ಗುರುತು ಹಾಕತೊಡಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ಕೆಳಗೆ ಸಂಪಿನ ಕಟ್ಟೆಯ ಮೇಲೆ ಡಬ್ಬಿ ತೆರೆದು ಕೂತಿದ್ದೆ. ಪಕ್ಕದಲ್ಲಿ ಫೋನು, ಫೋನಿನಲ್ಲಿ ನಾನು ಉತ್ತಮ ಎಂದು ಗುರುತು ಹಾಕಿ ಹೆಮ್ಮೆಪಟ್ಟುಕೊಳ್ಳುತ್ತಿದ್ದ ಒಂದು ಹಸು. ಅಜ್ಜಿ ಬಗ್ಗಿ ನೋಡಿದರು. ಹೆಬ್ಬೆರಳು ಬಂತು. ಮಾಲೀಕ ಮಾಯವಾದ.

"ಯಾರ್ ಕಣಮ್ಮಿ ಇದನ್ನ ಚೆನ್ನಾಗೈತೆ ಅಂದೋರು?"

"ನಾನೇ ಅಜ್ಜಿ."

"ಮುಂಗಾಲು ದಿಣ್ಣೆ ಮೇಲೆ ಇಡ್ಸವ್ರೆ ನೋಡು, ಬೆನ್ನು ನೆಟ್ಟಗೆ ಕಾಣ್ಲಿ ಅಂತ. ಸಮನೆಲಕ್ಕೆ ನಿಲ್ಸಿದ್ರೆ ಬೆನ್ನು ತೊಟ್ಲು ತೊಟ್ಲಾಗಿ ಜಗ್ಗೋಯ್ತದೆ. ಕೊಂಬಿಗೆ ಎಣ್ಣೆ ಹಚ್ಚಿ ಉಜ್ಜವ್ರೆ, ಬಳೆ ಕಾಣ್ಬಾರ್ದು ಅಂತ. ಆ ಮೊಲೆತೊಟ್ಟು ನೋಡು, ಆಚೆಕಡೆಗೆ ಮಕ ಮಾಡವೆ. ಎರಡೊತ್ತು ಆಲು ಕರೀದೆ ಬುಟ್ಟು ಕೆಚ್ಲು ಉಬ್ಸಿ ಪೋಟ ತೆಗ್ದವ್ರೆ. ಪಾಪ, ಅದ್ಕೆ ಎಷ್ಟು ನೋವೋ!"

ನಾನು ಊಟ ಮರೆತೆ. ಒಂದೇ ಫೋಟೊ! ಅದರಲ್ಲಿ ನಾನು ಕಂಡದ್ದು ಒಂದು ದಪ್ಪ ಹಸು. ಅಜ್ಜಿ ಕಂಡದ್ದು ಮೂರು ಮೋಸ ಮತ್ತು ಒಂದು ನೋವು. ಕರು ಹಾಕಿದಾಗಲೆಲ್ಲ ಕೊಂಬಿನ ಬುಡದಲ್ಲಿ ಒಂದು ಬಳೆ ಮೂಡುತ್ತದೆ, ಅದರಿಂದ ವಯಸ್ಸು ಹೇಳಬಹುದು ಎಂದು ನಮ್ಮ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿ ಓಡಿ, ಆಫೀಸು ನಡೆಸುವ ನಮ್ಮ ಸಾರ್‌ಗೆ ಹೇಳಿದೆ. ಅವರು ಫೋಟೊ ಹಾಕಿದವನಿಗೆ ಫೋನು ಮಾಡಿ, "ಕರೆದಾದ ಮೇಲೆ, ಸಮನೆಲದಲ್ಲಿ ನಿಲ್ಲಿಸಿ ಇನ್ನೊಂದು ತೆಗೆದು ಕಳಿಸಿ" ಎಂದರು. ಆ ಮನುಷ್ಯ ಕಳಿಸಲೇ ಇಲ್ಲ!

ಅಂದಿನಿಂದ ದಿನವೂ ಮಧ್ಯಾಹ್ನ ನಾನು ಆಫೀಸಿನ ಟ್ಯಾಬ್ ಹಿಡಿದು ಕೆಳಗಿಳಿಯತೊಡಗಿದೆ. ಅಜ್ಜಿ ಮೇಲೆ ಬರುತ್ತಿರಲಿಲ್ಲ. "ಅಲ್ಲಿ ಕುಂತ್ರೆ ಮೋಟರ್ ಯಾರು ನೋಡ್ತಾರೆ?" ಎಂಬುದು ಅವರ ಒಂದೇ ಉತ್ತರ. ಹಾಗಾಗಿ ಶಾಲೆ ಸಂಪಿನ ಕಟ್ಟೆಯ ಮೇಲೆ. ಪೌಡರ್ ಕೋಟಿಂಗಿನ ವಾಸನೆ ಒಂದು ಕಡೆ, ಸಗಣಿಯ ವಾಸನೆ ಒಂದು ಕಡೆ. ಗೌರಿಯೇ ನಮ್ಮ ಕರಿಹಲಗೆ. ಮೊದಲ ಪಾಠದ ದಿನ ನನ್ನನ್ನು ಭುಜ ಹಿಡಿದು ಗೌರಿಯ ಹಿಂದೆ ನಿಲ್ಲಿಸಿ ಹೇಳಿದರು:

"ನೋಡು, ಇಂದ್ಗಡೆಯಿಂದ ನೋಡ್ದಾಗ ಎಡಕ್ಕೆ ಮೇವಿನ ಮನೆ, ಬಲಕ್ಕೆ ಕರುವಿನ ಮನೆ. ಮೇಯ್ಕಂಡು ಬಂದ್ರೆ ಎಡ ಉಬ್ತದೆ. ಗಬ್ಬ ಆಗಿ ಆರೇಳು ತಿಂಗ್ಳಾದ್ರೆ ಬಲ ಜೋತು ಬೀಳ್ತದೆ. ಮಾರೋನು ಏನ್ ಬೇಕಾದ್ರೂ ಯೇಳ್ಲಿ. ಒಟ್ಟೆ ಸುಳ್ ಯೇಳಲ್ಲ."

ಈ ಮಾತನ್ನು ನಾನು ನನ್ನ ಮೇಜಿನ ಮೇಲೆ ಬರೆದು ಅಂಟಿಸಿಕೊಂಡೆ. ಅಜ್ಜಿ ಹೇಳಿದ್ದಕ್ಕೂ ಆಮೇಲೆ ವೈದ್ಯರು ಕೈ ಹಾಕಿ ನೋಡಿ ಹೇಳಿದ್ದಕ್ಕೂ ತಾಳೆಯಾದಾಗಲೆಲ್ಲ ಮೂರನೇ ಮಹಡಿಯಲ್ಲಿ ಕೇಕೆ ಏಳುತ್ತಿತ್ತು. ಕ್ರಿಕೆಟ್ ಮ್ಯಾಚು ನಡೆಯುತ್ತಿದೆಯೆಂದು ಟೈಲರಿಂಗ್ ಘಟಕದ ಹೆಂಗಸರು ಬಂದು ಇಣುಕುತ್ತಿದ್ದರು. ಸಾರ್ ಅಜ್ಜಿಗೆ ಸಂಬಳ ಕೊಡುತ್ತೇನೆಂದರು. "ಗೌರೀಗೆ ಇಂಡಿ ತಂದಾಕು, ಸಾಕು" ಎಂದು ಅಜ್ಜಿ ಮಾತು ಮುಗಿಸಿದರು. ತಿಂಗಳಿಗೊಮ್ಮೆ ಲೆಕ್ಕಪತ್ರದವರಿಗೆ ಗೊತ್ತಾಗದ ಯಾವುದೋ ಹೆಸರಿನಲ್ಲಿ ಹಿಂಡಿಯ ಮೂಟೆ ಬರುತ್ತಿತ್ತು.

ಹೆಬ್ಬೆರಳಿನ ವಿಷಯ ಒಮ್ಮೆ ಕೇಳಿಯೇಬಿಟ್ಟೆ. ಮಾಲೀಕರ ಮೇಲೆ ಅಷ್ಟೇಕೆ ಕೋಪ?

"ಕೋಪ ಅಲ್ಲ ಕಣಮ್ಮಿ, ಭಯ" ಎಂದರು. "ಒಂದ್ ದಪ ಅಸ ತರಕ್ಕೆ ಓಗಿದ್ದೆ. ಮಾರೋನ ಮಕ್ಳು ಮೂರು ಜನ ಬಾಗ್ಲಲ್ಲಿ ಸಾಲಾಗಿ ನಿಂತವೆ, ಮೈಮೇಲೆ ಬಟ್ಟೆ ಇಲ್ಲ. ಅವುಗಳ ಮಕ ನೋಡ್ಕಂಡು ಅಸ ನೋಡೋದ್ನೇ ಮರ್ತೆ. ತಂದು ಕಟ್ಟಿದ್ಮೇಲೆ ನೋಡಿದ್ರೆ ಮೂರೇ ಮೊಲೆ, ಅದ್ರ ಜೊತೆಗೆ ಒದಿಯೋ ಚಾಳಿ. ನಮ್ಮತ್ತೆ ಸಾಯೋಗಂಟ ಅಂದಾಡಿದ್ರು. ಅವತ್ತಿಂದ ಮನುಷ್ಯರ ಮಕ ನೋಡಲ್ಲ. ನೋಡಿದ್ರೆ ಕರುಳು ಕಣ್ಣಿಗೆ ಅಡ್ಡ ಬರ್ತದೆ."

ನನಗೆ ಇದು ಬಹಳ ದೊಡ್ಡ ವಿದ್ಯೆಯ ಹಾಗೆ ಕಂಡಿತು. ನಾನೂ ಹೆಬ್ಬೆರಳು ಹಿಡಿಯತೊಡಗಿದೆ. ಅಷ್ಟೇ ಅಲ್ಲ, ಅತಿ ಉತ್ಸಾಹದಲ್ಲಿ ಅಜ್ಜಿಗೆ ತೋರಿಸುವ ಮೊದಲೇ ಕೆಲವು ಫೋಟೊಗಳಲ್ಲಿ ಮನುಷ್ಯರನ್ನು ಕತ್ತರಿಸಿ ತೆಗೆದುಬಿಡುತ್ತಿದ್ದೆ.

ಹೀಗಿರುವಾಗ ಸಿಂಗಸಂದ್ರದ ಹಸು ಬಂತು.

ಮಾರುವವಳು ಒಂಟಿ ಹೆಂಗಸು, ಸಿಂಗಸಂದ್ರದ ಹಳೇ ಊರಿನವಳು. ಕೊಟ್ಟಿಗೆಯ ಜಾಗದ ಯಜಮಾನರು ಪಿ.ಜಿ. ಕಟ್ಟಲು ಹೊರಟಿದ್ದರು, ವಾರದೊಳಗೆ ಖಾಲಿ ಮಾಡಬೇಕಿತ್ತು. ಇದ್ದದ್ದು ಒಂದೇ ಹಸು. ಗಬ್ಬವಾಗಿ ಏಳು ತಿಂಗಳು, ಹಾಲು ಬತ್ತಿಸಿದ್ದೇನೆ ಎಂದು ಬರೆದಿದ್ದಳು. ಗಬ್ಬ ಕಟ್ಟಿಸಲು ಇಂಜೆಕ್ಷನ್ ಕೊಡಿಸಿದ ಚೀಟಿ ಕಳೆದುಹೋಗಿತ್ತು. ಅಂದರೆ ಅವಳ ಮಾತಿಗೆ ಸಾಕ್ಷಿ ಫೋಟೊ ಒಂದೇ. ಹಿಂದಿನಿಂದ ತೆಗೆದ ಫೋಟೊದಲ್ಲಿ ಹಸುವಿನ ಜೊತೆ ಅವಳೂ ಇದ್ದಳು. ಟ್ಯಾಬ್ ನೋಡಿ ಅಜ್ಜಿ ಎಂದಿನಂತೆ ಅವಳನ್ನು ಮುಚ್ಚಿದರು. ಬಹಳ ಹೊತ್ತು ನೋಡಿದರು.

"ಎಡಕ್ಕೆ ಉಬ್ಬೈತೆ. ಬಲ ಚಪ್ಪಟೆ. ಬರೀ ಮೇವು ಕಣಮ್ಮಿ. ಗಬ್ಬ ಇಲ್ಲ" ಎಂದರು. ಅವರಿಗೂ ಬೇಜಾರಾಗಿತ್ತು, ತಲೆ ಎತ್ತಲಿಲ್ಲ.

ನಾನು 'ಬೇಡ' ಎಂದು ಗುರುತು ಹಾಕಿದೆ. ಹಾಲೂ ಇಲ್ಲದ, ಗಬ್ಬವೂ ಇಲ್ಲದ ಹಸು ಸಾಕುವವರಿಗೆ ಬೇಡ. ಅಂಥದ್ದನ್ನು ಯಾವನೋ ಬಂದು ಲಾರಿ ಹತ್ತಿಸಿಕೊಂಡು ಹೋಗುತ್ತಾನೆ. ಎಲ್ಲಿಗೆ ಎಂದು ಕೇಳುವ ಧೈರ್ಯ ಮಾರಿದವರಿಗೂ ಇರುವುದಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಆಫೀಸಿಗೆ ಫೋನು ಬಂತು. ನಾನೇ ಎತ್ತಿಕೊಂಡೆ.

"ಮೇಡಂ, ಸಿಂಗಸಂದ್ರದಿಂದ. ನನ್ನ ಹಸು ಹೊಟ್ಟೇಲಿ ಕರು ಐತೆ ಮೇಡಂ. ರಾತ್ರಿಯೆಲ್ಲ ಒದೀತದೆ, ಕೈಗೆ ಸಿಗ್ತದೆ. ನೀವು ಇಲ್ಲ ಅಂತ ಹಾಕ್ಬಿಟ್ರಿ. ಅದನ್ನ ನೋಡಿ ಯಾರೂ ಫೋನೇ ಮಾಡ್ತಿಲ್ಲ. ಜಾಗ ನಾಳೆ ಬಿಡ್ಬೇಕು. ಇವತ್ತು ಹನ್ನೆರಡು ಗಂಟೆಗೆ ಲಾರಿಯೋನು ಬರ್ತಾನೆ ಮೇಡಂ." ಅಷ್ಟಕ್ಕೆ ಅವಳ ಫೋನು ಸತ್ತುಹೋಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಕೆಳಗೆ ಓಡಿ ಅಜ್ಜಿಗೆ ಹೇಳಿದೆ. "ಮಾರೋರೆಲ್ಲ ಅಂಗೇ ಯೇಳ್ತಾರೆ" ಎನ್ನುತ್ತಾರೆ ಅಂದುಕೊಂಡಿದ್ದೆ. ಅಜ್ಜಿ ಕುರ್ಚಿಯಿಂದ ಎದ್ದರು.

"ಕೈಗೆ ಸಿಗ್ತದೆ ಅಂದ್ಲಾ? ನಡಿ, ದೊಡ್ಡದ್ರಲ್ಲಿ ತೋರ್ಸು."

ಅಜ್ಜಿ ನಮ್ಮ ಆಫೀಸಿಗೆ ಬಂದದ್ದು ಆ ಒಂದೇ ಸಲ. ಲಿಫ್ಟ್ ಹತ್ತಲಿಲ್ಲ, ಎರಡು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನನ್ನ ಮಾನಿಟರಿನ ಮುಂದೆ ನಿಂತರು. ನಾನು ಫೋಟೊ ಇಡೀ ಪರದೆ ತುಂಬುವಂತೆ ದೊಡ್ಡದು ಮಾಡಿದೆ. ಅಭ್ಯಾಸಬಲದಿಂದ ಹೆಬ್ಬೆರಳು ಎದ್ದಿತು. ಆದರೆ ಅಷ್ಟು ದೊಡ್ಡ ಪರದೆಯಲ್ಲಿ ಅದು ಮುಚ್ಚಿದ್ದು ಆ ಹೆಂಗಸಿನ ಕಿವಿಯನ್ನು ಮಾತ್ರ! ಅಜ್ಜಿ ಬೆರಳು ಇಳಿಸಿದರು. ಮೊದಲ ಸಲ ಮಾಲೀಕಳನ್ನು ನೋಡಿದರು.

"ಯಾಕಮ್ಮಿ ಈಯಮ್ಮ ಸೆರಗು ಬಲಗಡೆ ಹಾಕವಳೆ?"

ನಾನು ನೋಡಿದೆ. ಹೌದು, ಸೆರಗು ಬಲ ಭುಜದ ಮೇಲಿತ್ತು.

"ನಮ್ ಕಡೆ ಯಾರು ಇಂಗೆ ಹಾಕ್ತಾರೆ? ನಾನಾಗ್ಲಿ, ನಿಮ್ಮವ್ವ ಆಗ್ಲಿ, ಕೆಳಗೆ ಬಟ್ಟೆ ಒಲಿಯೋ ಎಂಗಸ್ರಾಗ್ಲಿ?"

ಫೋಟೊದಲ್ಲಿ ಅವಳ ಒಂದು ತೋಳು ಮುಂದಕ್ಕೆ ಚಾಚಿತ್ತು. ಆಗ ಹೊಳೆಯಿತು ನನಗೆ! ತೆಗೆಯುವವರು ಯಾರೂ ಇಲ್ಲದೆ ಅವಳೇ ಕೈ ಚಾಚಿ ತೆಗೆದುಕೊಂಡ ಸೆಲ್ಫಿ ಅದು! ಕೆಲವು ಫೋನುಗಳ ಮುಂದಿನ ಕ್ಯಾಮೆರಾ ಕನ್ನಡಿಯಲ್ಲಿ ಕಂಡ ಹಾಗೆಯೇ ಚಿತ್ರವನ್ನು ಉಳಿಸಿಕೊಳ್ಳುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಬಾಯಿಯಲ್ಲಿ ಹೇಳಿದರೆ ಅಜ್ಜಿಗೆ ತಿಳಿಯಲಿಲ್ಲ. ನನ್ನ ಫೋನು ತೆಗೆದು, ಅವರ ಹೆಗಲ ಮೇಲೆ ಕೈ ಹಾಕಿ, ಒಂದು ಸೆಲ್ಫಿ ಕ್ಲಿಕ್ಕಿಸಿ ತೋರಿಸಿದೆ. ಚಿತ್ರದಲ್ಲಿ ಗಾಬರಿಯಿಂದ ಕಣ್ಣರಳಿಸಿದ ಅಜ್ಜಿ. ಸೆರಗು ಬಲ ಭುಜದ ಮೇಲೆ!

ಅಜ್ಜಿ ತಮ್ಮ ಎಡ ಭುಜ ಮುಟ್ಟಿಕೊಂಡರು. ಫೋನು ನೋಡಿದರು. ಮತ್ತೆ ಮುಟ್ಟಿಕೊಂಡರು.

"ಅಂಗಾರೆ ಆ ಅಸೀನ ಒಟ್ಟೆ..."

"ತಿರುಗಿದೆ ಅಜ್ಜಿ. ಉಬ್ಬಿರೋದು ಬಲಗಡೆ."

ಅವರು ಗೋಡೆಗೆ ಒರಗಿ ನಿಂತರು. "ಥೂ ನನ್ ಕೈಗೆ! ಎಂಗ್ಸಾಗಿ ಇನ್ನೊಬ್ಬ ಎಂಗ್ಸಿನ ಸೆರಗು ಮುಚ್ಚಿ ಕುಂತಿದ್ನಲ್ಲ! ಎತ್ತಿ ನೋಡಿದ್ರೆ ಅವತ್ತೇ ಗೊತ್ತಾಯ್ತಿತ್ತು." ಆಮೇಲೆ ಗಡಿಯಾರ ನೋಡಿದರು. ಹತ್ತೂಕಾಲು. "ನಡಿಯಮ್ಮಿ. ಆಟೋ ಕರಿ."

"ವೈದ್ಯರನ್ನು ಕಳಿಸುತ್ತೇನೆ, ನೀವೇಕೆ" ಎಂದು ಸಾರ್ ಹೇಳುತ್ತಲೇ ಇದ್ದರು. "ತಪ್ಪು ಮಾಡ್ದೋಳು ನಾನು, ಡಾಕ್ಟ್ರು ಯಾಕೆ ಓಗ್ಬೇಕು?" ಎಂದು ಅಜ್ಜಿ ಇಳಿದೇಬಿಟ್ಟರು. ಮೋಟರ್ ಓಡುತ್ತಿದೆಯೆಂಬುದು ಇಬ್ಬರಿಗೂ ನೆನಪಾಗಲಿಲ್ಲ!

ದೊಡ್ಡನೆಕ್ಕುಂದಿಯಿಂದ ಸಿಂಗಸಂದ್ರಕ್ಕೆ ಆ ದಿನದ ಪ್ರಯಾಣವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮಾರತ್‌ಹಳ್ಳಿಯಲ್ಲಿ ನಿಂತೆವು. ಬೆಳ್ಳಂದೂರಿನಲ್ಲಿ ನಿಂತೆವು. ಪ್ರತಿ ಸಿಗ್ನಲ್ಲಿನಲ್ಲೂ ಅಜ್ಜಿ ಆಟೋದಿಂದ ಅರ್ಧ ಮೈ ಹೊರಗೆ ಹಾಕಿ ಮುಂದಿನವರಿಗೆ, "ಜರುಗ್ರಪ್ಪೋ, ಬಸ್ರಿ ಅವಳೆ!" ಎಂದು ಕೂಗುತ್ತಿದ್ದರು. ಜನ ಪಾಪ, ನನ್ನ ಹೊಟ್ಟೆ ನೋಡಿ ದಾರಿ ಬಿಡುತ್ತಿದ್ದರು! ನಾಚಿಕೆಯಿಂದ ನಾನು ದುಪಟ್ಟಾ ಮುಖಕ್ಕೆ ಎಳೆದುಕೊಂಡೆ. ಆಟೋದ ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಸಕ್ಕತ್ ಅಜ್ಜಿ ಗುರು ನೀವು! ಸಿಲ್ಕ್ ಬೋರ್ಡ್ ಒಂದು ದಾಟಿಸ್ಬಿಟ್ರೆ ಸಾಕು, ಆಮೇಲೆ ನಂಗ್ ಬಿಡಿ" ಎಂದ. ಹೇಳಿದ ಹಾಗೆಯೇ ಮಾಡಿದ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ನಾವು ಸಿಂಗಸಂದ್ರದ ಹಳೇ ಊರಿನ ಓಣಿಯಲ್ಲಿದ್ದೆವು.

ಲಾರಿ ಬಂದಾಗಿತ್ತು. ಹಿಂದಿನ ಬಾಗಿಲು ಇಳಿಸಿ ಹಲಗೆ ಹಾಕಿದ್ದರು. ಹಸುವಿನ ಮುಂಗಾಲು ಹಲಗೆಯ ಮೇಲಿತ್ತು. ಆ ಹೆಂಗಸು ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಅಜ್ಜಿ ಯಾರನ್ನೂ ಮಾತಾಡಿಸಲಿಲ್ಲ. ನೇರ ಹೋಗಿ ಹಸುವಿನ ಬಲಮಗ್ಗುಲಿಗೆ ನಿಂತು, ಮುಷ್ಟಿ ಕಟ್ಟಿ, ಹೊಟ್ಟೆಯ ಕೆಳಭಾಗದಲ್ಲಿ ಮೆಲ್ಲಗೆ ಒಂದು ಸಲ ಒತ್ತಿ ಹಾಗೆಯೇ ಹಿಡಿದರು. ಅಜ್ಜಿಯ ಮುಖ ಅರಳಿತು.

"ಬಾರಪ್ಪ" ಎಂದು ಲಾರಿಯವನನ್ನು ಕರೆದರು. "ಇಲ್ ಕೈ ಇಕ್ಕು."

"ಏನಜ್ಜಿ, ದುಡ್ ಮಾತಾಡಿ ಆಗೋಯ್ತು, ನೀವ್ಯಾರು?" ಎಂದು ಗೊಣಗುತ್ತಲೇ ಅವನು ಕೈ ಇಟ್ಟ. ಒಳಗಿನಿಂದ ಏನೋ ಬಂದು ಅವನ ಅಂಗೈಗೆ ಗುದ್ದಿರಬೇಕು. ಬಿಸಿ ತಾಗಿದವನಂತೆ ಕೈ ತೆಗೆದುಕೊಂಡ. ಇನ್ನೊಂದು ಕೈಯಲ್ಲಿದ್ದ ಹಗ್ಗ ಬಿಟ್ಟ.

"ಗಬ್ಬದ ಹಸ ನಾನ್ ಹತ್ಸಲ್ಲ ಅಜ್ಜಿ. ನನ್ ಮನೇಲೂ ಹೆಂಡ್ತಿ ಐದು ತಿಂಗ್ಳು" ಎಂದ.

ಆಗ ಅಜ್ಜಿ ಆ ಹೆಂಗಸಿನ ಕಡೆ ತಿರುಗಿದರು. ಅವಳು ಎಡ ಭುಜದ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತನ್ನ ಫೋನಿನ ಹಿಂದಿನ ಕ್ಯಾಮೆರಾ ಕಲ್ಲಿನ ಮೇಲೆ ಬಿದ್ದು ಒಡೆದುಹೋಗಿತ್ತು, ಮುಂದಿನದರಲ್ಲೇ ಎಲ್ಲ ತೆಗೆದೆ ಎಂದಳು. ಫೋಟೊದಲ್ಲಿ ಅವಳ ಸೆರಗೂ ಹಸುವಿನ ಹೊಟ್ಟೆಯೂ ಎಡಬಲ ತಿರುಗಿಹೋಗಿದ್ದನ್ನು ನಾನು ಹೇಳಿದೆ. ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡರು. ತಮಗಿಂತ ಇಪ್ಪತ್ತು ಮೂವತ್ತು ವರ್ಷ ಚಿಕ್ಕವಳ ಮುಂದೆ, ಲಾರಿಯವನು, ಆಟೋದವನು, ಓಣಿಯ ಜನ ಎಲ್ಲರೂ ನೋಡುತ್ತಿರುವಾಗ ಹೇಳಿದರು:

"ನೀನು ದಿಟ ಯೇಳಿದ್ದೆ ತಾಯಿ. ನಾನು ನಿನ್ ಮಕ ನೋಡ್ನಿಲ್ಲ. ತಪ್ಪಾಯ್ತು."

ಇಷ್ಟು ದೊಡ್ಡವರು ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗುರುತು ಹಾಕಿದ ಕೈ ನನ್ನದೂ ಹೌದಲ್ಲ! ಅಜ್ಜಿಯ ಹಿಂದೆಯೇ ನಾನೂ ಹೇಳಿದೆ. ಹೇಳುವಾಗ ಅತ್ತೆ.

ಆದರೆ ಹಸುವಿಗೆ ಮಾರನೆಯ ದಿನದಿಂದ ಜಾಗವಿರಲಿಲ್ಲ. "ನನ್ ತಾವ ಕಟ್ತೀನಿ, ಕರ ಆಕೋಗಂಟ. ಆಮೇಲೆ ನಿನ್ ಅಸ ನಿಂದೇ" ಎಂದರು ಅಜ್ಜಿ. ತಂದವರು ಯಾರು ಗೊತ್ತೇ? ಅದೇ ಲಾರಿಯವನು! ಹಲಗೆಯ ಮೇಲೆ ಗೋಣಿ ಹಾಸಿ, ಹಸುವನ್ನು ಮೆಲ್ಲಗೆ ಹತ್ತಿಸಿ, ರಸ್ತೆಯ ಉಬ್ಬುಗಳಲ್ಲಿ ಆಮೆಯ ಹಾಗೆ ಓಡಿಸಿಕೊಂಡು ದೊಡ್ಡನೆಕ್ಕುಂದಿಗೆ ತಂದು ಇಳಿಸಿದ. ನಾವು ಬಂದಾಗ ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿತ್ತು. ಟ್ಯಾಂಕು ತುಂಬಿ ಮೂರು ತಾಸಿನಿಂದ ಸುರಿಯುತ್ತಿದ್ದರೂ ಸ್ವಿಚ್ ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ!

ಎರಡು ತಿಂಗಳ ಮೇಲೆ ಸಂಪಿನ ಪಕ್ಕದಲ್ಲಿ ಹೆಣ್ಣುಕರು ಹುಟ್ಟಿತು. ಟೈಲರಿಂಗ್ ಘಟಕದ ಮೆಷಿನ್ನುಗಳೆಲ್ಲ ನಿಂತವು. ಸಾರ್ ಮೀಟಿಂಗ್ ಬಿಟ್ಟು ಇಳಿದು ಬಂದರು. ಸಿಂಗಸಂದ್ರದಾಕೆ ಎರಡು ಬಸ್ ಬದಲಿಸಿ ಬಂದು ಕರುವಿನ ಮೈ ಒರೆಸಿದಳು. ಕೆಲವು ದಿನಗಳ ನಂತರ ಬೇರೆ ಕಡೆ ಜಾಗ ಹುಡುಕಿಕೊಂಡು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದಳು. ಗೌರಿ ಒಂದು ವಾರ ಅಂಬಾ ಅಂಬಾ ಎನ್ನುತ್ತಿತ್ತು.

ಅಜ್ಜಿಯ ಹೆಬ್ಬೆರಳು ಮತ್ತೆ ಪರದೆಯ ಮೇಲೆ ಬರಲಿಲ್ಲ. ಫೋಟೊ ತೋರಿಸಿದರೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. "ಮೊದ್ಲು ಅಗ್ಗ ಇಡ್ಕಂಡೋರ್ನ ನೋಡು. ಎಂಗೆ ಇಡ್ಕಂಡವ್ರೆ ನೋಡು. ಬಿಗಿಯಾಗಿ ಇಡ್ದಿದ್ರೆ ಅಸೀಗೆ ಅವರ್ನ ಕಂಡ್ರೆ ಆಗಲ್ಲ. ಸಡ್ಲ ಇದ್ರೆ ಮಕ್ಳಂಗೆ ಸಾಕವ್ರೆ. ಆಮೇಲೆ ಅಸ ನೋಡು." ಕರುಳು ಅಡ್ಡ ಬಂದರೆ ಎಂದು ನಾನು ಕೆಣಕಿದರೆ, "ಬಂದ್ರೆ ಬರ್ಲಿ ಬುಡು, ಅದೂ ಒಂದು ಕಣ್ಣೇ" ಎಂದು ನಗುತ್ತಿದ್ದರು.

ಅವರು ತೀರಿಕೊಂಡದ್ದು ಹೋದ ವರ್ಷ. ಒಂದು ಬೆಳಿಗ್ಗೆ ಮೋಟರ್ ಹಾಕಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಆ ದಿನವೂ ಟ್ಯಾಂಕು ತುಂಬಿ ಸುರಿಯಿತು. ನೀರು ಸುರಿಯುತ್ತಿದೆ, ಅಜ್ಜಿ ಎಲ್ಲಿ ಎಂದು ನಾವೆಲ್ಲ ಇಳಿದು ಬಂದೆವು.

ಮಗ ನನ್ನನ್ನು ಕೇಳಿದರು: "ಅಮ್ಮನ ಒಂದು ಒಳ್ಳೆ ಫೋಟೊ ಇದ್ರೆ ಕೊಡಮ್ಮ, ಕಟ್ಟು ಹಾಕ್ಸಬೇಕು. ನಮ್ಮ ಹತ್ರ ಇರೋದೆಲ್ಲ ಹಸು ಹಿಂದೆ ಅರ್ಧ ಮುಖದ್ದೇ." ನನ್ನ ಹತ್ತಿರ ಇದ್ದದ್ದೂ ಒಂದೇ, ಆ ಸೆಲ್ಫಿ. ನನ್ನನ್ನು ಕತ್ತರಿಸಿ ತೆಗೆದೆ. ಆಮೇಲೆ ನೆನಪಾಗಿ, ಚಿತ್ರವನ್ನು ಎಡಬಲ ತಿರುಗಿಸಿ ಸ್ಟುಡಿಯೋಗೆ ಕೊಟ್ಟೆ.

ಹನ್ನೊಂದನೆಯ ದಿನ ಸಿಂಗಸಂದ್ರದಾಕೆ ಬಂದಳು, ಕೈಯಲ್ಲಿ ಹಾಲಿನ ಕ್ಯಾನು. ಹೂವಿನ ಹಾರದೊಳಗೆ ಅಜ್ಜಿ ಕಣ್ಣರಳಿಸಿ ನೋಡುತ್ತಿದ್ದರು. ಅವಳು ಫೋಟೊದ ಮುಂದೆ ಬಹಳ ಹೊತ್ತು ನಿಂತಳು. ಸೆರಗಿನ ಮೇಲೆ ಬಿದ್ದಿದ್ದ ಹಾರವನ್ನು ಬೆರಳ ತುದಿಯಿಂದ ಸ್ವಲ್ಪ ಸರಿಸಿ ನೋಡಿದಳು. ಅಳುತ್ತಿದ್ದವಳಿಗೆ ನಗು ಬಂತು.

"ಸರಿಯಾಗೈತೆ ಮೇಡಂ" ಎಂದಳು. "ಎಡಗಡೇನೇ ಐತೆ."